ಸ್ಟಿಕ್ಕರ್ ಇದೆ, ಸರ್ಟಿಫಿಕೇಟ್ ಇದೆ. ಯಂತ್ರ ಕೆಲಸಕ್ಕೆ ಸಾಕಾ?

ಪುಣೆಯಲ್ಲಿ ಕಟ್ಟಡ ಸಾಮಗ್ರಿ ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ ಕಂಪ್ರೆಷನ್ ಟೆಸ್ಟಿಂಗ್ ಯಂತ್ರ, ಅಂದರೆ ಕಾಂಕ್ರೀಟ್ ತುಂಡನ್ನು ಒತ್ತಿ ಒಡೆದು ಅದರ ಬಲ ನೋಡುವ ಯಂತ್ರ, ಇದ್ದೇ ಇರುತ್ತದೆ. ಕೆಲಸದವರ ಬಾಯಲ್ಲಿ ಅದು ಸಿಟಿಎಂ. ಹೆಚ್ಚಾಗಿ 2000 ಕಿಲೋನ್ಯೂಟನ್ ಸಾಮರ್ಥ್ಯದ್ದು. ಯಂತ್ರ ತೋರಿಸುವ ಅಂಕಿಯನ್ನು ಖಚಿತವಾದ ಅಳತೆಯ ಜೊತೆ ಹೋಲಿಸಿ ನೋಡುವುದೇ ಕ್ಯಾಲಿಬ್ರೇಷನ್. ಯಂತ್ರದ ಮೇಲೆ ಅದರ ಸ್ಟಿಕ್ಕರ್ ಅಂಟಿಸಿರುತ್ತಾರೆ: ಮಾಡಿದ ತಾರೀಕು, ಮುಂದಿನ ತಾರೀಕು, ಒಂದು ಸಹಿ. ಫೈಲಿನಲ್ಲಿ ಸರ್ಟಿಫಿಕೇಟ್ ಇರುತ್ತದೆ. ಆಡಿಟ್‌ಗೆ ಬಂದವರು ಸ್ಟಿಕ್ಕರ್ ನೋಡುತ್ತಾರೆ, ಫೈಲಿನ ತಾರೀಕಿನ ಜೊತೆ ತಾಳೆ ನೋಡುತ್ತಾರೆ, ಮುಂದಿನ ಯಂತ್ರಕ್ಕೆ ಹೋಗುತ್ತಾರೆ.

ಆ ಸರ್ಟಿಫಿಕೇಟಿನ ಒಳಗಿನ ಕೋಷ್ಟಕವನ್ನು ಸ್ವಲ್ಪ ನಿಧಾನವಾಗಿ ಓದಿ. ಮೊದಲ ಸಾಲು ಬಹಳಷ್ಟು ಸಲ 400 ಕಿಲೋನ್ಯೂಟನ್‌ನಿಂದ ಶುರುವಾಗುತ್ತದೆ. ಆಮೇಲೆ 800, 1200, 1600, 2000. ಇದರಲ್ಲಿ ತಪ್ಪೇನೂ ಇಲ್ಲ. ಇಂಥ ಯಂತ್ರಗಳಿಗೆ ಬಳಸುವ ಐಎಸ್‌ಒ 7500-1 ಮಾನಕ ಯಂತ್ರದ ಶ್ರೇಣಿಯ 20%ರಿಂದ 100%ರ ನಡುವೆ ಕನಿಷ್ಠ 5 ಹಂತಗಳಲ್ಲಿ ಪರೀಕ್ಷಿಸಿ ಅನ್ನುತ್ತದೆ. ನಮ್ಮ ಐಎಸ್ 1828 ಕೂಡ ಇದೇ ಮಾನಕದ ಭಾರತೀಯ ರೂಪ. 2000ದ 20% ಅಂದರೆ 400. ಪ್ರತಿ ಹಂತದಲ್ಲೂ ದೋಷ ±1%ರ ಒಳಗಿದ್ದರೆ ಯಂತ್ರದ ನಿಖರತೆಯ ದರ್ಜೆ ಕ್ಲಾಸ್ 1, ಬೇರೆ ಒಂದೆರಡು ಷರತ್ತುಗಳೂ ಸರಿಹೋದರೆ.

ಈಗ ಅದೇ ಯಂತ್ರದಲ್ಲಿ ಏನೇನು ಒಡೆಯುತ್ತಾರೆ ನೋಡೋಣ. 150 ಮಿ.ಮೀ. ಕಾಂಕ್ರೀಟ್ ಕ್ಯೂಬಿನ ಮುಖ 22,500 ಚದರ ಮಿ.ಮೀ. ಎಂ25 ದರ್ಜೆಯ ಕಾಂಕ್ರೀಟ್ 28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 25 ನ್ಯೂಟನ್ ತಾಳಿದರೆ ಯಂತ್ರ 562.5 ಕಿಲೋನ್ಯೂಟನ್ ತೋರಿಸುತ್ತದೆ. ಇದು 400ರ ಮೇಲಿದೆ, ಚಿಂತೆಯಿಲ್ಲ. ಆದರೆ ಏಳು ದಿನದ ಎಂ20 ಕ್ಯೂಬ್? ಅದು 13 ನ್ಯೂಟನ್ ಆಸುಪಾಸಿನಲ್ಲಿ ಒಡೆದರೆ ಲೋಡ್ 300ರ ಒಳಗೇ. ಇನ್ನು ಸಿಮೆಂಟ್ ಪರೀಕ್ಷೆಗೆ ಬಳಸುವ 70.6 ಮಿ.ಮೀ.ನ ಗಾರೆ ಕ್ಯೂಬ್ ಅಂತೂ ಪುಟ್ಟದು, ಮುಖ ಸುಮಾರು 50 ಚದರ ಸೆಂ.ಮೀ. 43 ಗ್ರೇಡ್ ಸಿಮೆಂಟಿಗೆ 28 ದಿನದಲ್ಲಿ ಬೇಕಾದದ್ದು 43 ನ್ಯೂಟನ್, ಅಂದರೆ 215 ಕಿಲೋನ್ಯೂಟನ್. ಮೂರು ದಿನಕ್ಕೆ ಬೇಕಾದದ್ದು 23, ಅಂದರೆ ಬರೀ 115.

ಯಂತ್ರ 115ರಲ್ಲಿ ಹೇಗೆ ಓದುತ್ತದೆ ಅಂತ ಯಾರೂ ನೋಡಿಲ್ಲ. ಸರ್ಟಿಫಿಕೇಟ್ ಆ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. 400ರಲ್ಲಿ ಸರಿಯಿದ್ದದ್ದು 115ರಲ್ಲೂ ಸರಿಯಿರುತ್ತದೆ ಅಲ್ವಾ ಅಂದರೆ, ಇರಲೇಬೇಕೆಂದಿಲ್ಲ. ಹೈಡ್ರಾಲಿಕ್ ಯಂತ್ರದಲ್ಲಿ ಘರ್ಷಣೆ, ಸೊನ್ನೆಯ ಜಾರುವಿಕೆ (ಖಾಲಿ ಇದ್ದಾಗಲೂ ಸೊನ್ನೆ ತೋರಿಸದಿರುವುದು) ಇಂಥವು ಲೋಡ್ ಕಡಿಮೆಯಾದ ಹಾಗೆ ತಾವೂ ಕಡಿಮೆಯಾಗುವುದಿಲ್ಲ. 4 ಕಿಲೋನ್ಯೂಟನ್ ದೋಷ ಎಲ್ಲ ಕಡೆ ಒಂದೇ ಸಮ ಇದೆ ಅಂದುಕೊಳ್ಳಿ. 400ರಲ್ಲಿ ಅದು ಸರಿಯಾಗಿ 1%, ಯಂತ್ರ ಪಾಸು. 215ರಲ್ಲಿ ಸುಮಾರು 1.9%. 115ರಲ್ಲಿ 3.5%. ಅದೇ ಯಂತ್ರ, ಅದೇ ಸ್ಟಿಕ್ಕರ್. ಮಾನಕದಲ್ಲಿ ಇದಕ್ಕೆ ದಾರಿಯೂ ಇದೆ: 20%ಕ್ಕಿಂತ ಕೆಳಗೆ ಬಳಸುವವರು 10%, 5%, 2% ಹೀಗೆ ಕೆಳಗಿನ ಹಂತಗಳಲ್ಲೂ ಪರೀಕ್ಷೆ ಕೇಳಬಹುದು. ಅದಕ್ಕೆ ಸಣ್ಣ ಲೋಡ್ ಸೆಲ್ (ಲೋಡ್ ಅಳೆಯುವ ಸೆನ್ಸರ್) ಬೇಕು, ಸಮಯ ಬೇಕು, ದುಡ್ಡು ಜಾಸ್ತಿ ಬೀಳುತ್ತದೆ. ಆದರೆ ಕೇಳಿದರೆ ತಾನೆ ಸಿಗುವುದು.

ಕ್ಯಾಲಿಬ್ರೇಷನ್ ಮಾಡಿದವರು ತಮ್ಮ ಕೆಲಸ ಮಾಡಿ ಹೋಗಿದ್ದಾರೆ. ಸೋತದ್ದು ಅದರ ಮುಂದಿನ ಹೆಜ್ಜೆ. ಈ ಯಂತ್ರ ಈ ಕೆಲಸಕ್ಕೆ ಸಾಕಾ ಅಂತ ಲ್ಯಾಬ್ ತಾನೇ ಕೂತು ನೋಡಿ, ಬರೆದು, ಸಹಿ ಹಾಕಬೇಕಾದ ಹೆಜ್ಜೆ ಅದು. ಲ್ಯಾಬುಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿ, 6.4.4ನೇ ಕಲಮಿನಲ್ಲಿ ಇದನ್ನೇ ಹೇಳುತ್ತದೆ: ಉಪಕರಣವನ್ನು ಬಳಕೆಗೆ ತರುವ ಮುಂಚೆ, ಅಥವಾ ಹೊರಗೆ ಹೋಗಿ ಬಂದ ಮೇಲೆ ಮತ್ತೆ ಬಳಕೆಗೆ ಹಚ್ಚುವ ಮುಂಚೆ, ಅದು ಬೇಕಾದ ಮಟ್ಟದಲ್ಲಿದೆಯೇ ಎಂದು ಲ್ಯಾಬ್ ಪರಿಶೀಲಿಸಲೇಬೇಕು. ಕ್ಯಾಲಿಬ್ರೇಷನ್ ಬಗ್ಗೆ ಹೇಳುವ ಕಲಮುಗಳು ಬೇರೆಯೇ ಇವೆ. ಒಂದು ಮಾಡಿದ್ದಕ್ಕೆ ಇನ್ನೊಂದು ಆಯಿತು ಅನ್ನುವ ಹಾಗಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಡಾಕ್ಟರಿಗೆ ತೋರಿಸದೆ ಬೀರುವಿನಲ್ಲಿಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತಿದೆ.

ಇದು ಈಗ ಮಾತಾಡಬೇಕಾದ ವಿಷಯ ಯಾಕೆ? ಪುಣೆಯ ಸುತ್ತ ಪರೀಕ್ಷೆಯ ಕೆಲಸ ಹೆಚ್ಚುತ್ತಲೇ ಇದೆ. ಹಿಂಜೇವಾಡಿ, ವಾಕಡ, ಬಾಣೇರ್ ಕಡೆ ಗೋಪುರಗಳು ಏಳುತ್ತಿವೆ, ಮೆಟ್ರೋ ಕೆಲಸ ನಡೆದಿದೆ. ಭೋಸರಿ, ಚಾಕಣ, ತಳೇಗಾಂವ್‌ನಲ್ಲಿ ವಾಹನ ಬಿಡಿಭಾಗ ಮಾಡುವ ಸಣ್ಣ ಘಟಕಗಳು ಲೆಕ್ಕವಿಲ್ಲದಷ್ಟಿವೆ. ಅಲ್ಲಿನ ಕ್ವಾಲಿಟಿ ವಿಭಾಗಗಳಲ್ಲಿ ನಮ್ಮ ವಿಜಯಪುರ, ಕಲಬುರ್ಗಿ, ಬೀದರ್, ಬೆಳಗಾವಿಯಿಂದ ಡಿಪ್ಲೊಮಾ ಮುಗಿಸಿ ಬಂದ ಹುಡುಗರು ಸಾಕಷ್ಟು ಸಿಗುತ್ತಾರೆ. ಸರ್ಟಿಫಿಕೇಟ್ ಫೈಲಿಗೆ ಸೇರಿಸುವ ಕೆಲಸ ಹೆಚ್ಚಾಗಿ ಇವರ ಪಾಲಿಗೇ ಬರುತ್ತದೆ. ಔಷಧ ಕಡೆ ಪರಿಷ್ಕೃತ ಶೆಡ್ಯೂಲ್ ಎಂ, ಅಂದರೆ ಔಷಧ ತಯಾರಿಕೆಯ ಗುಣಮಟ್ಟದ ನಿಯಮ, ಬಂದಿದೆ. 2023ರ ಡಿಸೆಂಬರಿನ ಕೊನೆಯಲ್ಲಿ ಅಧಿಸೂಚನೆಯಾದ ಈ ನಿಯಮಕ್ಕೆ ಸಣ್ಣ, ಮಧ್ಯಮ ಕಂಪನಿಗಳಿಗೆ ಷರತ್ತಿನ ಮೇಲೆ 2025ರ ಡಿಸೆಂಬರ್ 31ರವರೆಗೆ ಕಾಲ ಕೊಟ್ಟಿದ್ದರು. ಮುಂಬೈ, ಪುಣೆ, ಗೋವಾದ ಔಷಧ ಘಟಕಗಳಿಗೆ ಇನ್ನು ನೆಪ ಹೇಳಲು ಜಾಗ ಇಲ್ಲ. ಇಷ್ಟು ಕಡೆಯಿಂದ ಒಟ್ಟಿಗೆ ಬೇಡಿಕೆ ಬಂದಾಗ ಸರ್ಟಿಫಿಕೇಟ್ ಒಂದು ಸರಕಾಗುತ್ತದೆ. ಕೊಟೇಶನ್ ಕರೆದು, ಯಾರು ಕಡಿಮೆ ಹೇಳಿದರೋ ಅವರಿಗೆ ಗೇಜುಗಳ ಪೆಟ್ಟಿಗೆ ಕೊಟ್ಟು ಕಳಿಸುತ್ತಾರೆ. ಆ ದರದಲ್ಲಿ ಅವರು ಎಷ್ಟು ಹೊತ್ತು ಕೂತು ಅಳೆಯಲು ಸಾಧ್ಯ ಅನ್ನುವುದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಮನೆ ಕೊಳ್ಳುವವರಿಗೂ ಇದರಲ್ಲಿ ಪಾಲಿದೆ. ಮನೆ ಕೊಳ್ಳುವವರ ಹಿತ ಕಾಯುವ ರೇರಾ ಕಾಯ್ದೆಯ ಸೆಕ್ಷನ್ 14ರ ಪ್ರಕಾರ ಮನೆ ಒಪ್ಪಿಸಿದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಜಗಳ ಬಂದಾಗ ಮೊದಲು ಹೊರಬರುವ ಕಾಗದಗಳಲ್ಲಿ ಕ್ಯೂಬ್ ಟೆಸ್ಟ್ ರಿಪೋರ್ಟ್ ಒಂದು. ಒಡೆದ ಕ್ಯೂಬನ್ನು ಮತ್ತೆ ಒಡೆಯಲು ಆಗುವುದಿಲ್ಲ. ಸಂಶಯ ಬಂದರೆ ಕಟ್ಟಿದ ಕಂಬದಿಂದಲೇ ಕೋರ್, ಅಂದರೆ ಉರುಳೆಯಾಕಾರದ ಕಾಂಕ್ರೀಟ್ ತುಂಡು, ಕೊರೆದು ತೆಗೆಯಬೇಕು. ಐಎಸ್ 456ರ ಪ್ರಕಾರ ಆ ಕೋರ್‌ಗಳ ಸರಾಸರಿ ಬಲ ನಿಗದಿಯ 85% ಇರಬೇಕು, ಯಾವ ಒಂದೂ 75%ಕ್ಕಿಂತ ಇಳಿಯಬಾರದು. ಕೋರ್ ಒಡೆಯುವುದೂ ಒಂದು ಕಂಪ್ರೆಷನ್ ಯಂತ್ರದಲ್ಲೇ. ಕೋರ್ ಕ್ಯೂಬಿಗಿಂತ ಸಣ್ಣದು, ಹಾಗಾಗಿ ಲೋಡ್ ಇನ್ನೂ ಕಡಿಮೆ.

ಲೋಡಿನ ಶ್ರೇಣಿ ಕಣ್ಣಿಗೆ ಕಾಣುವ ತೊಡಕು. ಅದಕ್ಕಿಂತ ನವಿರಾದ ತೊಡಕೊಂದಿದೆ. ಸರ್ಟಿಫಿಕೇಟಿನ ಕೊನೆಯ ಕಾಲಮ್ಮಿನಲ್ಲಿ ಅನ್‌ಸರ್ಟನ್ಟಿ ಅಂತ ಒಂದು ಸಂಖ್ಯೆ ಇರುತ್ತದೆ. ಹೆಚ್ಚಿನವರು ಅದನ್ನು ಓದುವುದಿಲ್ಲ. ಅಳತೆ ಮಾಡಿದವರಿಗೇ ತಮ್ಮ ಅಳತೆಯ ಮೇಲೆ ಎಷ್ಟು ಅನುಮಾನ ಇದೆ ಅನ್ನುವುದನ್ನು ಅದು ಹೇಳುತ್ತದೆ, ಸಾಮಾನ್ಯವಾಗಿ 95% ಭರವಸೆಯ ಮಟ್ಟದಲ್ಲಿ. ನಿಮ್ಮ ಥರ್ಮಾಮೀಟರ್ ±0.5 ಡಿಗ್ರಿಯೊಳಗೆ ಇರಬೇಕು ಅಂದುಕೊಳ್ಳಿ. ಸರ್ಟಿಫಿಕೇಟಿನಲ್ಲಿ ದೋಷ 0.4, ಅನ್‌ಸರ್ಟನ್ಟಿ 0.3. ಪಾಸೋ ಫೇಲೋ? 0.4 ಅನ್ನುವುದು 0.5ರ ಒಳಗೇ ಇದೆಯಲ್ಲ ಅಂತ ಪಾಸು ಮಾಡಬಹುದು. ಆದರೆ ನಿಜವಾದ ದೋಷ 0.1ರಿಂದ 0.7ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಲೆಕ್ಕ ಹಾಕಿದರೆ ಅದು 0.5 ಮೀರಿರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಜಾಗ್ರತೆಯ ದಾರಿ ಹಿಡಿದರೆ 0.5ರಿಂದ 0.3 ಕಳೆದು, ದೋಷ 0.2ರ ಒಳಗಿದ್ದರೆ ಮಾತ್ರ ಪಾಸು ಅನ್ನಬೇಕು. ಆಗ ಇದೇ ಥರ್ಮಾಮೀಟರ್ ಫೇಲು.

ಎರಡೂ ಒಪ್ಪಬಹುದಾದ ದಾರಿಗಳೇ. ಕೇಳಬೇಕಾದದ್ದು ಯಾವ ದಾರಿ ಅಂತ ಮೊದಲೇ ಮಾತಾಗಿತ್ತಾ ಅನ್ನುವುದು. ಇದನ್ನು ಡಿಸಿಷನ್ ರೂಲ್ ಅನ್ನುತ್ತಾರೆ. 17025ರ 2017ರ ಆವೃತ್ತಿ ಇದಕ್ಕೆ ಒತ್ತು ಕೊಟ್ಟಿತು. ಮಾನ್ಯತಾ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಲ್ಯಾಕ್ 2019ರಲ್ಲಿ ಇದಕ್ಕೊಂದು ಮಾರ್ಗಸೂಚಿಯನ್ನೂ ಹೊಸದಾಗಿ ಹೊರಡಿಸಿತು. ಇಷ್ಟಾದರೂ ‘ಫಲಿತಾಂಶ ತೃಪ್ತಿಕರ’ ಎಂಬ ಒಂದು ಸಾಲಿನ ರಬ್ಬರ್ ಸ್ಟ್ಯಾಂಪ್ ಹೋಗಿಲ್ಲ. ಯಾವ ಮಿತಿಗೆ ಹೋಲಿಸಿ ತೃಪ್ತಿಕರ? ಯಾರ ಕೆಲಸಕ್ಕೆ? ಕ್ಯಾಲಿಬ್ರೇಷನ್‌ನವರಿಗೆ ನೀವು ಆ ಥರ್ಮಾಮೀಟರಿನಲ್ಲಿ ಏನು ಅಳೆಯುತ್ತೀರಿ ಅನ್ನುವುದೇ ಗೊತ್ತಿರುವುದಿಲ್ಲ.

ಗೋವಾದ ವೆರ್ಣಾದಂಥ ಕಡೆ ಔಷಧ ಘಟಕಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಮಾತ್ರೆಗಳು ಎಷ್ಟು ದಿನ ಕೆಡದೆ ಇರುತ್ತವೆ ಅಂತ ನೋಡಲು ಅವನ್ನು 40 ಡಿಗ್ರಿ, 75% ತೇವಾಂಶದ ಕೋಣೆಯಂಥ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬಿಸಿ ±2 ಡಿಗ್ರಿ, ತೇವಾಂಶ ±5% ಬದಲಾಗಬಹುದು, ಅಷ್ಟೇ. ಕ್ಯಾಲಿಬ್ರೇಷನ್ ಆಗುವುದು ಕಂಟ್ರೋಲರಿನ ಒಂದು ಸೆನ್ಸರಿಗೆ. ಅದು ಇರುವುದು ಒಂದು ಜಾಗದಲ್ಲಿ. ಮೇಲಿನ ಮೂಲೆ, ಬಾಗಿಲ ಹತ್ತಿರದ ತಟ್ಟೆ, ಫ್ಯಾನಿನ ಎದುರು ಎಷ್ಟಿದೆ? ಅದಕ್ಕೆ ಪೆಟ್ಟಿಗೆಯೊಳಗೆ ಹಲವು ಕಡೆ ಸೆನ್ಸರ್ ಇಟ್ಟು ಮ್ಯಾಪಿಂಗ್ ಮಾಡಬೇಕು. ಅದೂ ಮಾಲು ತುಂಬಿಟ್ಟು. ಖಾಲಿ ಪೆಟ್ಟಿಗೆಯ ಮ್ಯಾಪಿಂಗ್ ನೋಡಲು ಚೆಂದ, ಗಾಳಿ ಸಲೀಸಾಗಿ ಓಡಾಡಿರುತ್ತದೆ.

ಲ್ಯಾಬುಗಳಿಗೆ ಮಾನ್ಯತೆ ಕೊಡುವ ನಮ್ಮ ದೇಶದ ಸಂಸ್ಥೆ ಎನ್‌ಎಬಿಎಲ್. ಅದರ ಮುದ್ರೆಯ ವಿಷಯವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಗೊಂದಲ ಕಡಿಮೆ, ಸೋಮಾರಿತನ ಜಾಸ್ತಿ. ಮಾನ್ಯತೆ ಸಿಗುವುದು ಇಡೀ ಕಂಪನಿಗೆ ಅಲ್ಲ, ನಿರ್ದಿಷ್ಟ ಅಳತೆಗೆ, ನಿರ್ದಿಷ್ಟ ಶ್ರೇಣಿಗೆ. ಒತ್ತಡದ ಗೇಜಿಗೆ ಮಾನ್ಯತೆ ಇರುವವರಿಗೆ ಟಾರ್ಕ್ ರೆಂಚಿಗೆ ಇಲ್ಲದಿರಬಹುದು. ಎನ್‌ಎಬಿಎಲ್ ಜಾಲತಾಣದಲ್ಲಿ ಪ್ರತಿ ಲ್ಯಾಬಿನ ಸ್ಕೋಪ್, ಅಂದರೆ ಮಾನ್ಯತೆ ಇರುವ ಅಳತೆಗಳ ಪಟ್ಟಿ, ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಆ ಲ್ಯಾಬ್ ಅತಿ ಕಡಿಮೆ ಎಷ್ಟು ಅನ್‌ಸರ್ಟನ್ಟಿಯಲ್ಲಿ ಅಳೆಯಬಲ್ಲದು ಅನ್ನುವುದೂ ಇರುತ್ತದೆ. ನಿಮ್ಮ ಸರ್ಟಿಫಿಕೇಟಿನಲ್ಲಿ ಅದಕ್ಕಿಂತ ಕಡಿಮೆ ಸಂಖ್ಯೆ ಕಂಡರೆ ಫೋನ್ ಮಾಡಿ ಕೇಳಿ. ಪ್ರತಿ ಸರ್ಟಿಫಿಕೇಟಿಗೂ ಯುಎಲ್‌ಆರ್ ಅನ್ನುವ ಉದ್ದದ ಸಂಖ್ಯೆ ಇರಬೇಕು. ಅದರ ಕೊನೆಯ ಅಕ್ಷರ ‘ಎಫ್’ ಇದ್ದರೆ ಪೂರ್ತಿ ಮಾನ್ಯತೆಯೊಳಗಿನದು, ‘ಪಿ’ ಇದ್ದರೆ ಭಾಗಶಃ. ‘ಎನ್‌ಪಿಎಲ್ ಟ್ರೇಸಬಲ್’ ಅಂತ ದೊಡ್ಡದಾಗಿ ಬರೆದು, ಜೊತೆಗೆ ತಮ್ಮ ಮಾಸ್ಟರ್ ಉಪಕರಣದ ಸರ್ಟಿಫಿಕೇಟಿನ ಜೆರಾಕ್ಸ್ ಲಗತ್ತಿಸುವವರೂ ಇದ್ದಾರೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗಿನ ಸರಪಳಿ ಜೆರಾಕ್ಸಿನಿಂದ ಆಗುವುದಿಲ್ಲ. ನಡುವಿನ ಪ್ರತಿ ಕೊಂಡಿಯೂ ತನ್ನ ಅನ್‌ಸರ್ಟನ್ಟಿ ಹೇಳಬೇಕು, ಅಳೆಯುವ ಯೋಗ್ಯತೆಯನ್ನೂ ತೋರಿಸಬೇಕು.

ತಕ್ಕಡಿಯ ವಿಷಯ ಬಂದರೆ ಇನ್ನೊಂದು ಮುದ್ರೆ ನಡುವೆ ಬರುತ್ತದೆ. 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯಡಿ ತೂಕ ಮತ್ತು ಅಳತೆ ಇಲಾಖೆಯವರು ಹಾಕುವ ಮುದ್ರೆ. ಅದು ವ್ಯಾಪಾರಕ್ಕೆ: ಗಿರಾಕಿಗೆ ಮೋಸ ಆಗದಷ್ಟು ಸರಿ ಇದೆಯಾ ಅಂತ ನೋಡಿ, ಕಾನೂನು ಕೊಟ್ಟ ಮಿತಿಯೊಳಗಿದ್ದರೆ ಮುದ್ರೆ ಒತ್ತುತ್ತಾರೆ. ಪರೀಕ್ಷೆಯ ಲ್ಯಾಬಿಗೆ ಬೇಕಾದ ದೋಷದ ಅಂಕಿ, ಅನ್‌ಸರ್ಟನ್ಟಿ ಅದರಲ್ಲಿ ಸಿಗುವುದಿಲ್ಲ. ಮುದ್ರೆ ಇದೆಯಲ್ಲ, ಕ್ಯಾಲಿಬ್ರೇಷನ್ ಯಾಕೆ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ತಕ್ಕಡಿಯಲ್ಲಿ ನನಗೆ ಮಜಾ ಅನ್ನಿಸುವ ಸಂಗತಿ ಬೇರೆ ಇದೆ. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಭೂಮಿ ಎಷ್ಟು ಜೋರಾಗಿ ಎಳೆಯುತ್ತಿದೆ ಅನ್ನುವುದನ್ನು. ಮುಂಬೈ ಸಮುದ್ರದ ಮಟ್ಟದಲ್ಲಿದೆ, ಪುಣೆ ಸುಮಾರು 560 ಮೀಟರ್ ಮೇಲೆ. ಮುಂಬೈಯಲ್ಲಿ ಕ್ಯಾಲಿಬ್ರೇಟ್ ಮಾಡಿದ ತಕ್ಕಡಿಯನ್ನು ಘಾಟ್ ಹತ್ತಿಸಿ ಪುಣೆಗೆ ತಂದರೆ 100 ಗ್ರಾಂ ಬಟ್ಟು 10ರಿಂದ 20 ಮಿಲಿಗ್ರಾಂ ಕಡಿಮೆ ತೂಗುತ್ತದೆ. ತರಕಾರಿ ಅಂಗಡಿಗೆ ಇದು ಲೆಕ್ಕಕ್ಕಿಲ್ಲ. 0.1 ಮಿಲಿಗ್ರಾಂ ಓದುವ ಅನಲಿಟಿಕಲ್ ಬ್ಯಾಲೆನ್ಸಿಗೆ ಇದು ನೂರಕ್ಕಿಂತ ಹೆಚ್ಚು ಗೆರೆ. ಒಳಗೇ ಬಟ್ಟು ಇರುವ ಹೊಸ ತಕ್ಕಡಿಗಳು ಜಾಗ ಬದಲಾದಾಗ ತಾವೇ ಸರಿಮಾಡಿಕೊಳ್ಳುತ್ತವೆ, ಯಾರಾದರೂ ಆ ಗುಂಡಿ ಒತ್ತಿದರೆ. ಇಲ್ಲದವುಗಳನ್ನು ಇರುವ ಮೇಜಿನ ಮೇಲೇ ಕ್ಯಾಲಿಬ್ರೇಟ್ ಮಾಡಿಸಬೇಕು. ತಕ್ಕಡಿಯನ್ನು ಪೆಟ್ಟಿಗೆಯಲ್ಲಿಟ್ಟು ಟೆಂಪೊದಲ್ಲಿ ಕಳಿಸಿ, ವಾಪಸ್ ಬಂದಾಗ ಸ್ಟಿಕ್ಕರ್ ನೋಡಿ ಖುಷಿಪಡುವವರು ಚಾಕಣದ ರಸ್ತೆಯ ಗುಂಡಿಗಳನ್ನು ಒಮ್ಮೆ ನೆನೆಸಿಕೊಳ್ಳಬೇಕು. (2019ರ ಮೇ 20ರಿಂದ ಕಿಲೋಗ್ರಾಂ ಅನ್ನುವುದೇ ಪ್ಯಾರಿಸ್ ಬಳಿಯ ಲೋಹದ ಬಟ್ಟನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿದೆ. ಎನ್‌ಪಿಎಲ್‌ನಲ್ಲಿರುವ ನಮ್ಮ ದೇಶದ ಪ್ರತಿ, 57ನೇ ನಂಬರಿನದು, ಈಗಲೂ ಅಲ್ಲೇ ಇದೆ. ಲ್ಯಾಬಿನವರಿಗೆ ದಿನದ ಕೆಲಸದಲ್ಲಿ ಏನೂ ಬದಲಾಗಲಿಲ್ಲ ಅನ್ನುವುದೇ ಆ ಬದಲಾವಣೆಯ ಯಶಸ್ಸು.)

ಇನ್ನು ಆ ‘ಮುಂದಿನ ತಾರೀಕು’. ಅದನ್ನು ಯಾರು ತೀರ್ಮಾನಿಸಬೇಕು? ಹೆಚ್ಚಿನವರು ಕ್ಯಾಲಿಬ್ರೇಷನ್ ಮಾಡಿದವರೇ ಹೇಳಲಿ ಅಂದುಕೊಂಡಿದ್ದಾರೆ, ಅವರು ಒಂದು ವರ್ಷ ಅಂತ ಬರೆದುಕೊಡುತ್ತಾರೆ. 17025 ಇದಕ್ಕೆ ಉಲ್ಟಾ ಹೇಳುತ್ತದೆ: ಗಿರಾಕಿಯ ಜೊತೆ ಒಪ್ಪಂದ ಆಗಿಲ್ಲದಿದ್ದರೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನಲ್ಲಿ ಮುಂದಿನ ಅವಧಿಯ ಶಿಫಾರಸು ಇರಬಾರದು. ಯಾಕೆಂದರೆ ಗೇಜು ದಿನಕ್ಕೆ ಹತ್ತು ಸಲ ಬಳಕೆಯಾಗುತ್ತದೋ ಸಾವಿರ ಸಲವೋ ಗೊತ್ತಿರುವುದು ಬಳಸುವವರಿಗೆ. ಹಿಂದಿನ ಮೂರ್ನಾಲ್ಕು ಸರ್ಟಿಫಿಕೇಟುಗಳನ್ನು ಪಕ್ಕಪಕ್ಕ ಇಟ್ಟು ದೋಷ ಎತ್ತ ಸರಿಯುತ್ತಿದೆ ಅಂತ ನೋಡಿದರೆ ಅವಧಿ ತಾನೇ ಹೊಳೆಯುತ್ತದೆ. ಅಲುಗಾಡದ ಗೇಜಿಗೆ ಎರಡು ವರ್ಷ ಕೊಡಬಹುದು, ಜಾರುತ್ತಿರುವುದಕ್ಕೆ ಮೂರು ತಿಂಗಳು. ನಡುವೆ ವಾರಕ್ಕೊಮ್ಮೆ ಒಂದು ಚೆಕ್ ಬಟ್ಟು ಇಟ್ಟು ನೋಡುವುದು, ಮೈಕ್ರೋಮೀಟರಿಗೆ ಒಂದು ಗೇಜ್ ಬ್ಲಾಕ್ (ದಪ್ಪ ಖಚಿತವಾಗಿ ಗೊತ್ತಿರುವ ತುಂಡು) ಕೊಟ್ಟು ನೋಡುವುದು ಐದು ನಿಮಿಷದ ಕೆಲಸ. ಕೆಳಗೆ ಬಿದ್ದ ವರ್ನಿಯರನ್ನು ಸುಮ್ನೆ ಒರೆಸಿ ಡ್ರಾಯರಿಗೆ ಹಾಕುವ ಅಭ್ಯಾಸ ಮಾತ್ರ ಎಲ್ಲ ಕಡೆ ಇದೆ. ಡ್ಯೂ ಡೇಟ್ ಇನ್ನೂ ಎಂಟು ತಿಂಗಳು ದೂರ ಇದ್ದರೂ ಆ ವರ್ನಿಯರ್ ಆ ಕ್ಷಣಕ್ಕೇ ಬಳಕೆಯಿಂದ ಹೊರಗೆ.

ಈ ಎಲ್ಲದರಲ್ಲಿ ನನಗೆ ಅತಿ ಗಂಭೀರ ಅನ್ನಿಸುವುದು ‘ಬಂದಾಗಿನ ಸ್ಥಿತಿ’. ಉಪಕರಣ ಕ್ಯಾಲಿಬ್ರೇಷನ್‌ಗೆ ಹೋದಾಗ ಮೊದಲು ಇದ್ದ ಹಾಗೇ ಓದಬೇಕು, ಬರೆದಿಡಬೇಕು. ಆಮೇಲೆ ಬೇಕಾದರೆ ಸ್ಕ್ರೂ ತಿರುಗಿಸಿ ಸರಿಮಾಡಿ ಮತ್ತೆ ಓದಬೇಕು. ಹೀಗೆ ಸರಿಮಾಡಿದ್ದರೆ ಮುಂಚಿನ, ಆಮೇಲಿನ ಎರಡೂ ಓದುಗಳು, ಸಿಕ್ಕಿದ್ದಲ್ಲಿ, ಸರ್ಟಿಫಿಕೇಟಿನಲ್ಲಿ ಇರಬೇಕು ಅನ್ನುತ್ತದೆ ಮಾನಕ. ಅವಸರದಲ್ಲಿ ಆಗುವುದು ಬೇರೆ. ಮೊದಲೇ ಸರಿಮಾಡಿ, ಚೆಂದದ ಸಂಖ್ಯೆಗಳನ್ನಷ್ಟೇ ಬರೆದು ಕಳಿಸುತ್ತಾರೆ. ಗಿರಾಕಿಗೂ ಅದೇ ಬೇಕು, ಸೊನ್ನೆ ದೋಷ ಕಂಡರೆ ಖುಷಿ. ಆದರೆ ಸರಿಮಾಡುವ ಮುಂಚೆ ಒತ್ತಡದ ಗೇಜು 4% ತಪ್ಪು ಓದುತ್ತಿತ್ತು ಅಂದರೆ, ಕಳೆದ ಒಂದು ವರ್ಷ ಅದರಿಂದ ಹೊರಟ ರಿಪೋರ್ಟುಗಳ ಗತಿ ಏನು? ಯಾವ ದಿನದಿಂದ ತಪ್ಪಿತು, ಯಾವ ರಿಪೋರ್ಟುಗಳಿಗೆ ತಟ್ಟಿತು, ಯಾವ ಗಿರಾಕಿಗೆ ತಿಳಿಸಬೇಕು ಅಂತ ಲ್ಯಾಬ್ ಹಿಂದಕ್ಕೆ ಹೋಗಿ ಹುಡುಕಬೇಕು. ಬಂದಾಗಿನ ಓದು ಇಲ್ಲದಿದ್ದರೆ ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ಕೆಲವರಿಗೆ ಅದೇ ಅನುಕೂಲ ಅಂತ ನನ್ನ ಅನುಮಾನ.

ಪರಿಶೀಲನೆ ಅಂದ ತಕ್ಷಣ ದೊಡ್ಡ ಫಾರಂ, ಹೊಸ ಸಾಫ್ಟ್‌ವೇರ್ ಅಂತ ಹೆದರುವುದು ಬೇಡ. ಒಂದು ಅರ್ಧ ಪುಟ ಸಾಕು: ಈ ಉಪಕರಣದಲ್ಲಿ ನಾವು ಎಷ್ಟರಿಂದ ಎಷ್ಟರವರೆಗೆ ಅಳೆಯುತ್ತೇವೆ, ಪರೀಕ್ಷೆಯ ಮಾನಕ ಎಷ್ಟು ದೋಷ ಸಹಿಸುತ್ತದೆ, ಸರ್ಟಿಫಿಕೇಟ್ ಆ ಶ್ರೇಣಿಯನ್ನು ಮುಟ್ಟಿದೆಯಾ, ದೋಷಕ್ಕೆ ಅನ್‌ಸರ್ಟನ್ಟಿ ಸೇರಿಸಿದರೂ ಮಿತಿಯೊಳಗೇ ಇದೆಯಾ, ತಿದ್ದುಪಡಿ ಬೇಕಿದ್ದರೆ ಅದು ವರ್ಕ್‌ಶೀಟಿಗೆ ಹೋಗಿದೆಯಾ. ಕೊನೆಗೆ ಪರೀಕ್ಷೆ ಗೊತ್ತಿರುವವರ ಸಹಿ. ಸ್ಟೋರ್ಸ್ ಗುಮಾಸ್ತರ ಸಹಿ ಇದಕ್ಕೆ ಆಗುವುದಿಲ್ಲ. ಆಡಿಟ್ ಮಾಡುವವರು ಸ್ಟಿಕ್ಕರ್ ಬಿಟ್ಟು ಈ ಅರ್ಧ ಪುಟ ಕೇಳಲು ಶುರುಮಾಡಿದರೆ ಒಂದೇ ವರ್ಷದಲ್ಲಿ ಬಹಳಷ್ಟು ಬದಲಾಗುತ್ತದೆ. ಈಗಿನ ಆಡಿಟ್‌ಗಳಲ್ಲಿ ಒಂದು ದಿನಕ್ಕೆ ನೋಡಬೇಕಾದ ಉಪಕರಣಗಳು ಎಷ್ಟೋ ಇರುತ್ತವೆ, ಹಾಗಾಗಿ ತಾರೀಕಿನ ಮೇಲೇ ಕಣ್ಣು ಹೋಗುತ್ತದೆ. ಎಲ್ಲ ಉಪಕರಣಗಳ ತಾರೀಕು ನೋಡುವ ಬದಲು ಮೂರನ್ನು ಆರಿಸಿ ಪೂರ್ತಿ ನೋಡಿದರೂ ಸಾಕು.

ಅದಕ್ಕೂ ಮುಂಚಿನ ಕೆಲಸ ಖರೀದಿ ವಿಭಾಗದ್ದು. ‘ಸಿಟಿಎಂ ಕ್ಯಾಲಿಬ್ರೇಷನ್, 1 ನಗ’ ಅಂತ ಬರೆದ ಪರ್ಚೇಸ್ ಆರ್ಡರಿಗೆ 400ರಿಂದ ಶುರುವಾಗುವ ಸರ್ಟಿಫಿಕೇಟೇ ಬರುತ್ತದೆ. ಬೇಕಾದ ಬಿಂದುಗಳು, ಮಿತಿ, ಡಿಸಿಷನ್ ರೂಲ್, ಬಂದಾಗಿನ ಓದು, ಎಲ್ಲ ಆರ್ಡರಿನಲ್ಲೇ ಬರೆಯಬೇಕು. ದರ ಏರುತ್ತದೆ, ಅದು ಸಹಜ. ಪಾಸು-ಫೇಲು ಹೇಳಿ ಅಂತ ಗಿರಾಕಿ ಕೇಳಿದರೆ, ಯಾವ ಮಿತಿಗೆ, ಯಾವ ನಿಯಮದ ಮೇಲೆ ಅಂತ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳುವುದು ಕ್ಯಾಲಿಬ್ರೇಷನ್ ಲ್ಯಾಬಿನ ಹೊಣೆ ಎಂದು 17025ರ 7.1ನೇ ಕಲಮು ಹೇಳುತ್ತದೆ. ಇಷ್ಟು ವರ್ಷ ನಿಮಗೆ ಪಾಸು ಅಂತ ಬರೆದುಕೊಟ್ಟವರು ಒಮ್ಮೆಯೂ ಆ ಮಾತು ಎತ್ತಿಲ್ಲ ಅಂದರೆ, ಮುಂದಿನ ಕೊಟೇಶನ್ ಕರೆಯುವ ಮುಂಚೆ ಅವರ ಸ್ಕೋಪ್ ಒಮ್ಮೆ ತೆಗೆದು ನೋಡಿ.